ಪೂ ಅಂದರೆ ಹೂವಲ್ಲ

ಊಟಕ್ಕೆ ಕುಂತವರು ಇದನ್ನು ಓದಬೇಡಿರಿ. ಉಂಡು, ಕೈ ತೊಳೆದುಕೊಂಡು, ಅರ್ಧ ತಾಸು ಬಿಟ್ಟು ಓದಿರಿ. ಹೊಟ್ಟೆ ತೊಳಸುವ ಮಾತು ಭಾಳ ಬರುತ್ತವೆ. ನಾನೇನು ಮಾಡಲಿ, ನನಗೆ ಬಂದ ಸಂತೋಷ ಅಂಥಾ ಹೊಲಸಿನ ದಾರಿ ಹಿಡಿದೇ ಬಂತು. ಒಳಗೆ ಇಟ್ಟುಕೊಳ್ಳಲಿಕ್ಕೆ ಆಗವಲ್ಲದು. ಬಸ್ಸಿನಲ್ಲಿ ಪಕ್ಕಕ್ಕೆ ಕುಂತವರಿಗೆ ಹೇಳಿದೆ, ಹಾಲಿನವನಿಗೆ ಹೇಳಿದೆ, ಆದರೂ ತೀರಲಿಲ್ಲ. ಅದಕ್ಕೇ ಮೊಮ್ಮಗಳ ಹಳೆಯ ವಹಿಯಲ್ಲಿ ಉಳಿದ ಹಾಳೆ ತೆಗೆದುಕೊಂಡು ಬರೆಯಲಿಕ್ಕೆ ಕುಂತೀನಿ. ಶಾಲೆ ನಾಲ್ಕನೇ ಇಯತ್ತೆಗೆ ಬಿಟ್ಟವಳು ನಾನು. ತಪ್ಪಿದ್ದಲ್ಲಿ ನೀವೇ ತಿದ್ದಿಕೊಳ್ಳಿರಿ.

ಮೊದಲಿಗೆ ನನ್ನ ಗುಣ ಹೇಳಬೇಕು. ನನಗೆ ಹೇಸಿಗೆ ಭಾಳ. ಯಾರಾದರೂ ಗಂಟಲು ಕೆರೆದರೆ ನನ್ನ ಬಾಯಾಗಿನ ತುತ್ತು ಅಲ್ಲೇ ನಿಲ್ಲುತ್ತದೆ. ಬಸ್ಸಿನ ಕಂಬಿ ಹಿಡಿದು ಬಂದ ದಿನ ಮೊಣಕೈ ತನಕ ಸಾಬೂನು ಹಚ್ಚುತ್ತೇನೆ. ಲಿಫ್ಟಿನ ಗುಂಡಿಯನ್ನು ಸೆರಗಿನಿಂದ ಒತ್ತಿ, ಮನೆಗೆ ಬಂದು ಆ ಸೆರಗನ್ನು ಹಿಂಡುತ್ತೇನೆ. ಎಲ್ಲಕ್ಕಿಂತ ದೊಡ್ಡ ಹೇಸಿಗೆ ಕೀವಿನದು. ನೋಡಿರಿ, ಬರೆಯುವಾಗಲೂ ಪೆನ್ನು ಹಿಂದೆ ಸರಿಯಿತು. ನನ್ನ ಮೊಮ್ಮಗಳು ಮಾತು ಕಲಿಯುವಾಗ ನನ್ನ ಬಾಯಿಂದ ಹೆಚ್ಚು ಕೇಳಿದ್ದು 'ಛೀ' ಅನ್ನುವುದನ್ನೇ. ಹಿಂಗಾಗಿ ನಾನು ಅವಳಿಗೆ 'ಛೀ ಅಜ್ಜಿ' ಆದೆ. ಈಗ ಅವಳಿಗೆ ಆರು ತುಂಬ್ಯಾವ. ಹೆಸರು ಬದಲಾಗಿಲ್ಲ.

ನನ್ನ ಗಂಡ ಕಟ್ಟಡದ ಕೆಲಸಕ್ಕೆಂದು ವಿಜಯಪುರದ ಕಡೆಯಿಂದ ಪುಣೆಗೆ ಬಂದವರು. ನಿಗಡಿಯಲ್ಲಿ ಈಗ ನಾವಿರುವ ಗಲ್ಲಿಯ ಸುತ್ತಲಿನ ಎಷ್ಟೋ ಬಿಲ್ಡಿಂಗಿಗೆ ಅವರು ಗಾರೆ ಹೊತ್ತಾರ. ಒಮ್ಮೆ ಅವರ ಅಂಗಾಲಿಗೆ ಮೊಳೆ ಹೊಕ್ಕು ಕೀವು ತುಂಬಿತು. ಹೊಸ್ತಿಲ ಮೇಲೆ ಕುಂತು ತಾವೇ ಹಿಚುಕಿಕೊಳ್ಳುತ್ತಿದ್ದರು. "ಒಂದೀಟು ಬಿಸಿನೀರು ಹಾಕು" ಅಂದರು. ನಾನು ಮೂಗಿಗೆ ಸೆರಗು ಹಿಡಿದು, ಮಾರಿ ಆಚೆ ತಿರುಗಿಸಿ, ದೂರದಿಂದ ಚೊಂಬು ಬಗ್ಗಿಸಿದೆ. ಅರ್ಧ ನೀರು ನೆಲದ ಮೇಲೆ.

"ಕಾಲಿಗೆ ನೀರು ಹಾಕ್ತೀಯೋ, ಅಂಗಳಕ್ಕ ಥಳಿ ಹೊಡೀತೀಯೋ?" ಅಂತ ನಕ್ಕರು. ಅವರಿಗೆ ಸಿಟ್ಟು ಬರುತ್ತಿರಲಿಲ್ಲ. ಆ ಗಾಯ ಮಾದು ಹೋಯಿತು. ಮುಂದೆ ಎಷ್ಟೋ ವರ್ಷದ ಮೇಲೆ ಬೇರೆ ಬೇನೆಯಿಂದ ಅವರೂ ಹೋದರು. ಆ ಹೊಸ್ತಿಲ ಮಾತು ನನಗೆ ಮರೆತೇ ಹೋಗಿತ್ತು. ದವಾಖಾನೆಯಲ್ಲಿ ನೆನಪಾಯಿತು. ಅದನ್ನು ಮುಂದೆ ಹೇಳುತ್ತೇನೆ.

ಮೊಮ್ಮಗಳಿಗೆ ಜ್ವರ ಬಿಟ್ಟು ಬಿಟ್ಟು ಬರಲಿಕ್ಕೆ ಹತ್ತಿತು. ಬಿದ್ದಿರಲಿಲ್ಲ, ಯಾರೂ ಹೊಡೆದಿರಲಿಲ್ಲ, ಕಾಲ ಮೇಲೆ ನೀಲಿ ಕಲೆ ಎದ್ದವು. ರಕ್ತ ತಪಾಸಣೆ ಆಯಿತು. ಆಮೇಲೆ ದೊಡ್ಡ ದವಾಖಾನೆ. ರೋಗದ ಹೆಸರನ್ನು ನಮ್ಮ ಮನೆಯಲ್ಲಿ ಯಾರೂ ಬಾಯಿಬಿಟ್ಟು ಅನ್ನುವುದಿಲ್ಲ. ರಕ್ತದ್ದು, ದೊಡ್ಡ ರೋಗ, ಅಷ್ಟು ಅಂದರೆ ನಿಮಗೆ ತಿಳಿಯುತ್ತದೆ.

ಅಲ್ಲಿ ಒಬ್ಬಳು ಡಾಕ್ಟರ್ ಇದ್ದಳು. ಚಿಕ್ಕ ವಯಸ್ಸು, ಮಾರಿ ಬಂಗಾರದಂಥದು. ನನ್ನನ್ನೂ ಮಗಳನ್ನೂ ಕೂಡಿಸಿಕೊಂಡು ಮರಾಠಿಯಲ್ಲಿ ನಿಧಾನಕ್ಕೆ ಹೇಳಿದಳು. ರಕ್ತದಲ್ಲಿ ಬಿಳಿ ಪೇಶಿ, ಅಂದರೆ ಬಿಳಿ ರಕ್ತಕಣ, ಅಂತ ಇರುತ್ತವಂತೆ. ಹೊರಗಿನ ಹೊಲಸು ಮೈಯೊಳಗೆ ಹೊಕ್ಕರೆ ಬೆನ್ನು ಹತ್ತಿ ಹಿಡಿದು ಕೊಲ್ಲುವುದು ಅವುಗಳ ಕೆಲಸ. ಈ ಕೂಸಿನ ಮೈಯಲ್ಲಿ ಅವುಗಳೊಳಗೇ ಕೆಲವು ಕೆಟ್ಟು, ಸಂತೆಯಂಗೆ ನೆರೆದುಬಿಟ್ಟಾವಂತೆ. ಅವನ್ನು ಸಾಯಿಸಲಿಕ್ಕೆ ಕೊಡುವ ಔಷಧಕ್ಕೆ ಕೆಟ್ಟದ್ದು ಯಾವುದು, ಚಲೋದು ಯಾವುದು ತಿಳಿಯುವುದಿಲ್ಲ, ಎಲ್ಲವನ್ನೂ ಸಾಯಿಸುತ್ತದೆ. ಆಮೇಲೆ ಎಲುಬಿನ ಒಳಗಿಂದ ಹೊಸವು ಹುಟ್ಟಿ ಬರಬೇಕು. ಅಲ್ಲಿಯ ತನಕ ಕೆಲವು ದಿನ ಕೂಸಿನ ಮೈಗೆ ಕಾವಲು ಇರುವುದಿಲ್ಲ. ನಮಗೆ ನಿಮಗೆ ಏನೂ ಮಾಡದ ಹೊಲಸು ಅವಳ ಜೀವ ತೆಗೆದೀತು. "ಸ್ವಚ್ಛತೆ ಕಾಯಲಿಕ್ಕೆ ಆಗುತ್ತದೇನು ಆಜಿ?" ಅಂತ ಕೇಳಿದಳು.

ಮಗಳು ಮುಖ ಬಾಡಿಸಿಕೊಂಡು ಕುಂತಿದ್ದವಳು, ಆ ಮಾತಿಗೆ ಅಷ್ಟರಲ್ಲೂ ನಕ್ಕಳು. "ನಮ್ಮವ್ವಗ ಇದೊಂದು ಬಿಟ್ರ ಬ್ಯಾರೇನೂ ಬರೂದಿಲ್ರಿ" ಅಂತ ಮರಾಠಿಯಲ್ಲಿ ಹೇಳಿದಳು.

ಕೂಸಿನ ಹತ್ತಿರ ಒಬ್ಬರಿಗೇ ಇರಲಿಕ್ಕೆ ಪರವಾನಗಿ. ಹಗಲು ನಾನು, ರಾತ್ರಿ ಮಗಳು. ಅಳಿಯ ತಳೇಗಾಂವದ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಾನೆ, ಪಾಳಿ ಮುಗಿಸಿ ಬಂದು ಬಾಗಿಲ ಗಾಜಿನಿಂದ ನೋಡಿ ಹೋಗುತ್ತಿದ್ದ.

ಮೊದಲನೇ ದಿನವೇ ನನ್ನ ಮಾನ ಹೋಯಿತು. ಮುಂಜಾನೆ ದೇವರಿಗೆ ಏರಿಸಿದ ಸೇವಂತಿಗೆಯನ್ನು ಕೂಸಿನ ತಲೆದಿಂಬಿಗೆ ಇಡೋಣ ಅಂತ ತಂದಿದ್ದೆ, ನನ್ನ ತುರುಬಿನಲ್ಲೂ ಒಂದು ಇತ್ತು. ಸಿಸ್ಟರ್ ಎರಡನ್ನೂ ಚಿಮಟಿಗೆಯಿಂದ ಹಿಡಿದು ಒಗೆದಳು. "ಆಜಿ, ಫುಲ ನಕೋ! ಹೂವಿನೊಳಗ, ಹೂವಿನ ನೀರಿನೊಳಗ ಜಂತು ಇರತಾವ." ಊರಿನ ಹೊಲಸಿಗೆಲ್ಲ ಛೀ ಅನ್ನುವ ನಾನೇ ತುರುಬಿನಲ್ಲಿ ಜಂತು ಹೊತ್ತು ತಂದಿದ್ದೆ! ಅವತ್ತಿನಿಂದ ಹೂವಿನ ಹೆಸರೆತ್ತಲಿಲ್ಲ. ಮನೆಯ ದೇವರಿಗೂ ಬಂದ್ ಮಾಡಿದೆ.

ಆ ದವಾಖಾನೆಯ ಹೊಲಸು ಏನು ಹೇಳಲಿ. ಕೂಸು ಇದ್ದ ಕೋಣೆ ಮಾತ್ರ ಕನ್ನಡಿಯಂಗೆ ಇತ್ತು. ಅದರ ಹೊರಗೆ ಬಂದರೆ ಮುಗಿಯಿತು. ಮೆಟ್ಟಿಲ ಮೂಲೆಯಲ್ಲಿ ಯಾರೂ ಉಗುಳಬಾರದು ಅಂತ ದೇವರ ಚಿತ್ರದ ಫರಸಿ ಹಚ್ಚಿದ್ದರು, ಜನ ದೇವರನ್ನು ಬಿಟ್ಟು ಒಂದು ಗೇಣು ಪಕ್ಕಕ್ಕೆ ಗುಟಕಾ ಉಗುಳಿದ್ದರು. ಎಷ್ಟು ಭಕ್ತಿ! ಕೈ ತೊಳೆಯುವ ಬೇಸಿನ್ನಿನಲ್ಲಿ ಒಬ್ಬ ಖಾಕರಿಸಿ ಉಗುಳಿದ. ಅಷ್ಟಕ್ಕೆ ಬಿಡದೆ, ಏನು ಬಂತು ಅಂತ ಬಗ್ಗಿ ನೋಡಿದ! ಪಾಯಖಾನೆಯ ಸುದ್ದಿ ಬರೆದರೆ ಈ ವಹಿಯನ್ನು ಸುಡಬೇಕಾಗುತ್ತದೆ. ನಾನು ಮನೆಯಿಂದ ಬಂದು ಕೂಸಿನ ಹತ್ತಿರ ನಿಲ್ಲುವುದರೊಳಗೆ ನಾಲ್ಕು ಸಲ ಕೈ ತೊಳೆದಿರುತ್ತಿದ್ದೆ. ಮಂಚದ ಕಂಬಿ ಒರೆಸುತ್ತಿದ್ದೆ, ಅವಳ ಚಮಚೆ ಕುದಿಸುತ್ತಿದ್ದೆ. "ಆಜಿ, ನಮ್ಮ ಕೆಲಸಕ್ಕೆ ಬಂದುಬಿಡಿರಿ" ಅಂತ ಸಿಸ್ಟರುಗಳು ನಗುತ್ತಿದ್ದರು.

ಒಂದು ಮಧ್ಯಾಹ್ನ ದೌಂಡದಿಂದ ಅಳಿಯನ ಅಕ್ಕ ಬಂದಳು. ರೈಲಿನಲ್ಲಿ ಬಂದವಳು, ಮೂಗು ಸೊರ್ ಸೊರ್ ಅನ್ನುತ್ತಿತ್ತು. ಆ ಮೂಗನ್ನು ಸೆರಗಿಗೆ ಒರೆಸಿ, ಅದೇ ಸೆರಗು ಮುಂದೆ ಮಾಡಿಕೊಂಡು ಕೂಸಿಗೆ ಮುತ್ತು ಕೊಡಲಿಕ್ಕೆ ಹೊಂಟಳು. ನಾನು ಬಾಗಿಲಿಗೆ ಅಡ್ಡ ನಿಂತೆ.

"ನಿಂದ್ರವಾ ಅಲ್ಲೇ."

"ಯಾಕ್ರಿ ಅತ್ತೀ?"

"ಮೂಗು ಸೋರಲಿಕ್ಕತ್ತದ ನಿಂದು."

"ಬರೇ ನೆಗಡಿ, ಅಷ್ಟಕ್ಕ ಏನಾಗತದ? ನನ್ನ ತಮ್ಮನ ಮಗಳ್ರಿ ಅಕಿ. ನಿಮ್ಮೊಬ್ಬರ ಮೊಮ್ಮಗಳಲ್ಲ."

"ತಮ್ಮನ ಮಗಳಿಗೆ ನೆಗಡಿ ಉಡುಗೊರೆ ಕೊಡಲಿಕ್ಕೆ ದೌಂಡದಿಂದ ಬಂದ್ಯೇನು?"

ಅವಳು ಅಳುತ್ತಲೇ ಹೋದಳು. ಸಂಜೆಗೆ ಅಳಿಯ ಗಾಜಿನ ಆಚೆ ನಿಂತು ಫೋನಿನಲ್ಲಿ ಕೇಳಿದ. "ಅಕ್ಕ ಅಳಕೋತ ಹೋದಳಂತಲ್ರಿ?"

"ಅಳಲಿ. ಅತ್ತರ ಮೂಗರೆ ಸ್ವಚ್ಛ ಆಗತದ" ಅಂದೆ.

ಇಷ್ಟೆಲ್ಲಾ ಕಾದರೂ ಹೊಲಸು ಹೊಕ್ಕೇಬಿಟ್ಟಿತು. ಎಲ್ಲಿಂದ? ಕೂಸಿಗೆ ಉಗುರು ಕಚ್ಚುವ ಚಟ ಇತ್ತು. ಬಲಗೈ ಹೆಬ್ಬೆರಳಿಗೆ ಉಗುರುಸುತ್ತು ಆಯಿತು. ಉಗುರಿನ ಸುತ್ತ ಕೆಂಪು, ಬಾವು. ಹೊದಿಕೆ ತಾಕಿದರೆ ಚೀರುತ್ತಿದ್ದಳು. ಅದರ ಹಿಂದೆಯೇ ಜ್ವರ ಏರಿತು. ನರದಿಂದ ಔಷಧ ಶುರು ಮಾಡಿದರು. ಡಾಕ್ಟರು ಮಗಳಿಗೆ ಮರೆ ಇಡದೆ ಹೇಳಿದಳು. "ಬಿಳಿ ಪೇಶಿ ಈಗ ಸೊನ್ನೆಗೆ ಹತ್ತಿರ ಅದಾವ. ಔಷಧ ಒಂದೇ ಬಡಿದಾಡಬೇಕು. ಹೊಸ ಪೇಶಿ ಬರೂತನಕ ಔಷಧ ತಡೆದು ಹಿಡಿದರೆ ಗೆದ್ದೆವು. ಬೆರಳಿಂದು ರಕ್ತಕ್ಕ ಹಬ್ಬಿದರೆ ಕಷ್ಟ." ಮಗಳು ಕಷ್ಟ ಅನ್ನುವ ಮಾತನ್ನೇ ನನಗೆ ಮೂರು ಸಲ ಹೇಳಿದಳು, ಮುಂದಿನ ಮಾತು ಹೇಳಲಿಲ್ಲ.

ನಮ್ಮ ಕಡೆ ಉಗುರುಸುತ್ತಿಗೆ ಯಾರು ದವಾಖಾನೆಗೆ ಹೋಗುತ್ತಾರ್ರಿ? ಲಿಂಬಿಕಾಯಿಗೆ ತೂತು ಮಾಡಿ, ಅರಿಶಿಣ ತುಂಬಿ, ಬೆರಳಿಗೆ ಟೊಪ್ಪಿಗೆಯಂಗೆ ಹಾಕಿದರೆ ಎರಡು ದಿನಕ್ಕೆ ಒಡೆಯುತ್ತದೆ. ಮರುದಿನ ಚೀಲದಲ್ಲಿ ಒಂದು ಲಿಂಬಿಕಾಯಿ ತಂದೆ. ಮುಚ್ಚಿಡೋದೇನು ಬಂತು, ಯಾರೂ ಇಲ್ಲದಾಗ ಹಾಕೋಣ ಅಂತಲೇ ತಂದಿದ್ದೆ. ಸಿಸ್ಟರ್ ಕೈಗೆ ಸಿಕ್ಕಿತು.

"ಲಿಂಬೂ ಕಶಾಲಾ, ಆಜಿ? ಸರಬತ್ತಿಗೇನು?"

"ದೃಷ್ಟಿಗೆ" ಅಂತ ಸುಳ್ಳು ಹೇಳಿದೆ. ಅದೂ ಹೂವಿನ ದಾರಿ ಹಿಡಿಯಿತು. ಆಮೇಲೆ ವಿಚಾರ ಮಾಡಿದೆ. ಸಂತೆಯಲ್ಲಿ ಎಷ್ಟು ಕೈ ಮುಟ್ಟಿದ ಲಿಂಬಿಕಾಯೋ, ಅದರೊಳಗೆ ಆ ಬೆರಳು ತುರುಕುವವಳಿದ್ದೆ ನಾನು. ಛೀ.

ಇನ್ನು ನನ್ನ ಹುಚ್ಚುತನದ ಮಾತಿಗೆ ಬಂದೆ. ದಿನಾ ಮುಂಜಾನೆ ಸಿಸ್ಟರ್ ಬೆರಳಿನ ಪಟ್ಟಿ ಬಿಚ್ಚುತ್ತಿದ್ದಳು, ಡಾಕ್ಟರು ಬಂದು ನೋಡುತ್ತಿದ್ದಳು. ನಾನು ಕೂಸಿನ ಎಡಗೈ ಹಿಡಿದುಕೊಂಡು ಮಾರಿಯನ್ನು ಗೋಡೆಗೆ ತಿರುಗಿಸಿರುತ್ತಿದ್ದೆ. ಬಾವು ನೋಡಿದರೆ ನನಗೆ ವಾಕರಿಕೆ ಬರುತ್ತಿತ್ತು. ಡಾಕ್ಟರು ಬೆರಳನ್ನು ಆ ಕಡೆ ಈ ಕಡೆ ತಿರುಗಿಸುತ್ತಾ ಕೇಳುತ್ತಿದ್ದಳು. "ಪೂ ಆಲಾ ಕಾ, ಆಜಿ?"

ಪೂ ಬಂತೇನು, ಅಂತ. ನನ್ನ ಮರಾಠಿ ಭಾಜಿ ಮಾರ್ಕೆಟ್ಟಿನ ಮರಾಠಿ. ಪೂ ಅಂದರೆ ನನ್ನ ಕಿವಿಗೆ ಹೂ ಅಂತಲೇ ಬಿತ್ತು. ಹೂವಿನಿಂದ ಒಮ್ಮೆ ಬೈಸಿಕೊಂಡವಳು ನಾನು, ನನ್ನ ಮೇಲೆ ಇನ್ನೂ ಸಂಶಯ ಹೋಗಿಲ್ಲ ಇವರಿಗೆ ಅನ್ನಿಸಿತು. "ನಾಹೀ ನಾಹೀ! ಬಿಲಕುಲ್ ನಾಹೀ!" ಅಂತ ಗೋಡೆ ನೋಡುತ್ತಲೇ ಹೇಳಿದೆ.

"ನಾಹೀ..." ಅಂತ ತನಗೆ ತಾನೇ ಅಂದುಕೊಂಡು ಡಾಕ್ಟರು ಮುಂದೆ ಹೋದಳು. ದನಿ ಸಣ್ಣದಾಗಿತ್ತು.

ಎರಡನೇ ದಿನವೂ ಅದೇ. ಮೂರನೇ ದಿನ ನಾನು ತುರುಬು ಬಿಚ್ಚಿ ತೋರಿಸಿದೆ. "ಆಯಿಶಪ್ಪತ್, ನಮ್ಮವ್ವನ ಆಣೆ, ನಾಹೀ! ಮನೆಯ ದೇವರಿಗೂ ಇಲ್ಲ!" ಅವಳು ನನ್ನ ಕೂದಲನ್ನು ನೋಡಿದಳು, ಸಿಸ್ಟರಿನ ಮಾರಿ ನೋಡಿದಳು, ಮುದುಕಿಗೆ ಚಿಂತೆಯಿಂದ ತಲೆ ಕೆಟ್ಟದ ಅಂದುಕೊಂಡಿರಬೇಕು, ಭುಜ ತಟ್ಟಿ ಹೋದಳು.

ಸಂಜೆಗೆ ಮಗಳು ಪಾಳಿಗೆ ಬಂದಾಗ ನನಗೆ ತಡೆಯಲಿಲ್ಲ. "ಏನಽ, ಆ ಡಾಕ್ಟರ್ ಹುಡುಗಿಗೆ ಏನಾಗ್ಯದ? ಹೂ ತರಬ್ಯಾಡ ಅಂದವರೂ ಇವರಽ, ಹೂ ಬಂತೇನು ಅಂತ ದಿನಾ ಕೇಳವರೂ ಇವರಽ. ಇಲ್ಲ ಅಂದ್ರ ಮಾರಿ ಸಣ್ಣ ಮಾಡ್ತಾಳ!"

"ಹೂ? ಖರೇ ಏನಂತಾರ ಅವರು?"

"ಪೂ ಆಲಾ ಕಾ ಅಂತ. ಪೂ, ಫೂಲ, ಹೂ, ಎಲ್ಲಾ ಒಂದಽ ಅಲ್ಲೇನು?"

ಮಗಳು ಗೋಡೆಗೆ ಆತು ನಿಂತಳು. ಮಾಸ್ಕಿನ ಮೇಲೆ ಬರೀ ಕಣ್ಣು ಕಾಣುತ್ತಿದ್ದವು, ಆ ಕಣ್ಣಿಂದ ನೀರು ಇಳಿಯಲಿಕ್ಕೆ ಹತ್ತಿತು. ಅಳುತ್ತಾಳೆ ಅಂತ ನನ್ನ ಜೀವ ಹೋಯಿತು. ನಗುತ್ತಿದ್ದಳು.

"ಅವ್ವಾ, ಪೂ ಅಂದ್ರ ಕೀವು! ಮರಾಠಿಯೊಳಗ ಕೀವಿಗೆ ಪೂ ಅಂತಾರ!"

"ಛೀ!" ಅಂದೆ. ಅಂಥಾ ಚಂದದ ಬಾಯಿಂದ ದಿನಾ ಮುಂಜಾನೆ ಅಂಥಾ ಮಾತು! ಪುಣೆಗೆ ಬಂದು ಇಷ್ಟು ವರ್ಷ ಆದರೂ ಆ ಮಾತು ನನಗೆ ಬರುತ್ತಿರಲಿಲ್ಲ. ಯಾಕೆ ಬಂದೀತು? ಅಂಥಾ ಹೊಲಸು ಸುದ್ದಿ ಯಾರಾದರೂ ತೆಗೆದರೆ ನಾನು ಎದ್ದೇ ಹೋಗುತ್ತಿದ್ದೆ.

ಮಂಚದ ಮೇಲಿಂದ ಸಣ್ಣ ದನಿ ಬಂತು. "ಛೀ ಅಜ್ಜಿಗೆ ಪೂ ಗೊತ್ತಿಲ್ಲ!" ಜ್ವರ ಬಂದ ಮೇಲೆ ಅವಳು ಮೊದಲನೇ ಸಲ ನಕ್ಕದ್ದು ಅವಾಗ.

ನಗು ತೀರಿದ ಮೇಲೆ ಮಗಳು ನನ್ನನ್ನು ಬಾಗಿಲ ಹತ್ತಿರ ಕರೆದುಕೊಂಡು ಹೋದಳು. "ಕೀವು ಅಂದ್ರ ಏನು ಗೊತ್ತದೇನು ಅವ್ವಾ? ಸತ್ತ ಬಿಳಿ ಪೇಶಿ. ಜಂತಿನ ಜೋಡಿ ಬಡಿದಾಡಿ ಸತ್ತಾವು. ಇಕಿ ಮೈಯಾಗ ಬಡಿದಾಡವರಽ ಇಲ್ಲ, ಸಾಯವರು ಎಲ್ಲಿಂದ ಬರಬೇಕು? ಅದಕ್ಕ ಬೆರಳು ಬರೇ ಕೆಂಪಗ ಆಗಿ ಕುಂತದ. ಕೀವು ಬಂತಂದ್ರ ಹೊಸಾವು ಹುಟ್ಟ್ಯಾವ ಅಂತ. ಡಾಕ್ಟರ್ ಅದನ್ನಽ ಕಾಯಲಿಕ್ಕತ್ತಾರ."

ನನಗೆ ಹೊಸ್ತಿಲು ಕಣ್ಣ ಮುಂದೆ ಬಂತು. "ನಿಮ್ಮಪ್ಪನ ಕಾಲಾಗ ಬಂದಿತ್ತಲ್ಲ, ಅದೂ ಅದಽ ಏನು?"

"ಅದಽ."

ಅವತ್ತು ಬಸ್ಸಿನಲ್ಲಿ ಕಂಬಿ ಹಿಡಿದದ್ದು ನನಗೆ ನೆನಪಿಲ್ಲ. ಆ ಮನುಷ್ಯನ ಸಲುವಾಗಿ ಸತ್ತವುಗಳಿಗೆ ನಾನು ಮೂಗು ಮುಚ್ಚಿಕೊಂಡು ಅರ್ಧ ಚೊಂಬು ನೀರು ನೆಲಕ್ಕೆ ಚೆಲ್ಲಿದ್ದೆ.

ಮರುದಿನದಿಂದ ನಾನು ಗೋಡೆ ನೋಡಲಿಲ್ಲ. ಪಟ್ಟಿ ಬಿಚ್ಚುವಾಗ ಸಿಸ್ಟರಿನ ಭುಜದ ಮೇಲಿಂದ ಬಗ್ಗಿ ನೋಡಿದೆ. ಬಾವು ಬಂದು ಬೆರಳು ಗಜ್ಜರಿಯಂಗೆ ಆಗಿತ್ತು. ಚರ್ಮ ಮಿರಿ ಮಿರಿ ಮಿಂಚುತ್ತಿತ್ತು. ಹೊಟ್ಟೆಯೊಳಗಿನ ಚಹಾ ಗಂಟಲಿಗೆ ಬಂತು, ನುಂಗಿಕೊಂಡೆ. ಕೆಂಪೇ ಕೆಂಪು. ಒಂದು ಬಿಳಿ ಚುಕ್ಕೆ ಇಲ್ಲ. ಜ್ವರ ಇಳಿಯಲಿಲ್ಲ. ಅದರ ಮರುದಿನ ಕೂಸು ಕಣ್ಣು ತೆರೆಯುವುದೇ ಕಡಿಮೆ ಆಯಿತು. ಗಂಜಿ ತುಟಿಯಿಂದ ಹೊರಗೆ ಹರಿಯಿತು. ಛೀ ಅಜ್ಜಿ ಅಂತ ಕರೆಯಲಿಲ್ಲ. ಮನೆಯಲ್ಲಿ ಹೂವಿಲ್ಲದ ದೇವರ ಮುಂದೆ ನಿಂತೆ. ಏನು ಬೇಡಿಕೊಳ್ಳಬೇಕು? ದೇವರೇ, ನನ್ನ ಮೊಮ್ಮಗಳ ಬೆರಳಿಗೆ ಕೀವು ತುಂಬು ಅನ್ನಲೇನು? ಮಡಿಯಲ್ಲಿ ನಿಂತು ಅನ್ನುವ ಮಾತೇನು ಅದು? ನಾಲಿಗೆ ತಿರುಗಲಿಲ್ಲ ಮೊದಲು. ಆಮೇಲೆ ಅಂದೆ, ಜೋರಾಗಿಯೇ ಅಂದೆ. ಪಕ್ಕದ ಮನೆಯವರು ಕೇಳಿಸಿಕೊಂಡಿದ್ದರೆ ಯಾರಿಗೋ ಶಾಪ ಹಾಕುತ್ತಾಳೆ ಮುದುಕಿ ಅಂದಿರುತ್ತಿದ್ದರು.

ನಾನು ನೋಡಲಿಕ್ಕೆ ಹತ್ತಿದ ಮೂರನೇ ಮುಂಜಾನೆ. ಸಿಸ್ಟರ್ ಪಟ್ಟಿ ಬಿಚ್ಚಿದಳು. ಉಗುರಿನ ಬುಡಕ್ಕೆ, ಚರ್ಮದ ಕೆಳಗೆ, ಅಕ್ಕಿಯ ನುಚ್ಚಿನಷ್ಟು ಬೆಳ್ಳಗೆ ಏನೋ. ನನ್ನ ಕನ್ನಡಕ ಒರೆಸಿಕೊಂಡೆ. ಇತ್ತು. ಹಳದಿ ಮಿಶ್ರ ಬಿಳಿ, ಕೆಟ್ಟ ಬಣ್ಣ, ನಾನು ಜನ್ಮದಲ್ಲಿ ನೋಡಲಾರದ ಬಣ್ಣ.

ನನ್ನ ಕಾಲು ತಾವೇ ಓಡಿದವು. "ಪೂ ಆಲಾ! ಡಾಕ್ಟರ್, ಪೂ ಆಲಾ!" ಅಂತ ಕೂಗುತ್ತಾ ಕೋಣೆಯ ಹೊರಗಿನ ವರಾಂಡಕ್ಕೆ ಬಂದೆ. ಬೆಂಚಿನ ಮೇಲೆ ಟಿಫಿನ್ ಬಿಚ್ಚಿ ಕುಂತವರೆಲ್ಲ ಗಪ್ಪನೆ ಡಬ್ಬಿ ಮುಚ್ಚಿದರು. ಫರಸಿ ಒರೆಸುತ್ತಿದ್ದ ಹೆಣ್ಣುಮಗಳು ಕಲಬುರಗಿ ಕಡೆಯವಳು, "ಯಾರಿಗ್ರೀ, ಎಲ್ಲಿ ಬಂತು ಹೂ?" ಅಂತ ಕೇಳಿದಳು. "ಹೂ ಅಲ್ಲವಾ, ಕೀವು! ನನ್ನ ಮೊಮ್ಮಗಳಿಗೆ ಕೀವು ಬಂತು!" ಅಂತ ಅವಳ ಎರಡೂ ಕೈ ಹಿಡಿದುಕೊಂಡೆ, ಒರೆಸುವ ಅರಿವೆ ಸಮೇತ. ಆ ಅರಿವೆ ಏನೇನು ಒರೆಸಿತ್ತೋ.

ಡಾಕ್ಟರು ಓಡುತ್ತಾ ಬಂದಳು. ನೋಡಿದಳು. ನನ್ನ ಕಡೆ ತಿರುಗಿ ಮೂರು ದಿನದ ಸೇಡು ತೀರಿಸಿಕೊಂಡಳು. "ಪೂ ಆಲಾ ಕಾ, ಆಜಿ?"

"ಆಲಾ!" ಅಂದೆ.

ರಕ್ತ ತೆಗೆದು ಕಳಿಸಿದರು. ಮಧ್ಯಾಹ್ನಕ್ಕೆ ಕಾಗದ ಬಂತು, ಸೊನ್ನೆ ಹತ್ತಿರ ಇದ್ದ ಬಿಳಿ ಪೇಶಿ ಏರಲಿಕ್ಕೆ ಹತ್ತಿದ್ದವು. ದಿನಾ ಏರಿದವು, ಜ್ವರ ಇಳಿಯಿತು. ನುಚ್ಚಿನಷ್ಟಿದ್ದದ್ದು ಜೋಳದ ಕಾಳಷ್ಟು ಆದ ದಿನ, ಬೆರಳಿಗೆ ಮದ್ದು ಹಾಕಿ ಸಣ್ಣದಾಗಿ ಕೊಯ್ದು ತೆಗೆದರು. ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ನಾನೇ ಕುಂತೆ, ನೋಡುತ್ತಲೇ ಕುಂತೆ. ದಪ್ಪಗೆ ಹೊರಗೆ ಬಂತು, ವಾಸನೆಯೂ ಬಂತು. ಡಾಕ್ಟರು ಬಿಳಿ ಅರಿವೆಯಲ್ಲಿ ಒತ್ತಿ ತೆಗೆದು ಬುಟ್ಟಿಗೆ ಹಾಕಲಿಕ್ಕೆ ಹೊಂಟಳು.

"ಥಾಂಬಾ" ಅಂದೆ. ತಡೀರಿ.

ಆ ಅರಿವೆಯನ್ನು ಕಣ್ಣು ತುಂಬ ನೋಡಿದೆ. ಹೊಲಸು, ಭಾಳ ಹೊಲಸು. ಎರಡೂ ಕೈ ಎತ್ತಿ ಮುಗಿದೆ. ಇವಕ್ಕೂ ಮುಗಿದೆ, ಹೊಸ್ತಿಲ ಮೇಲೆ ಹರಿದು ಹೋದವುಗಳಿಗೂ ಮುಗಿದೆ. ಕೂಸನ್ನು ಸಿಸ್ಟರಿನ ಕೈಗೆ ಕೊಟ್ಟು, ಬೇಸಿನ್ನಿನ ತನಕ ಓಡಿ, ಮುಂಜಾನೆ ತಿಂದ ಅವಲಕ್ಕಿ ಎಲ್ಲಾ ಕಕ್ಕಿದೆ.

ಔಷಧ ಇನ್ನೂ ಮುಗಿದಿಲ್ಲ. ಇನ್ನೂ ಎಷ್ಟೋ ಸಲ ಆ ಪೇಶಿಗಳು ಹೋಗಬೇಕು, ಬರಬೇಕು ಅಂತಾರ. ಕಾಯುತ್ತೇನೆ. ಹೆಂಗೆ ಕಾಯಬೇಕು ಅನ್ನುವುದು ಈಗ ಗೊತ್ತದ.

ಅವತ್ತು ಬಾಯಿ ಮುಕ್ಕಳಿಸಿ ತಿರುಗಿ ಕೋಣೆಗೆ ಬಂದರೆ, ಬೆರಳಿಗೆ ಹೊಸ ಪಟ್ಟಿ ಸುತ್ತಿಸಿಕೊಂಡು ಅವಳು ಮಂಚದ ಮೇಲೆ ಎದ್ದು ಕುಂತಿದ್ದಳು. ಆ ದಪ್ಪ ಬೆರಳು ತೋರಿಸಿ ನನ್ನನ್ನು ಬಾಗಿಲಲ್ಲೇ ತಡೆದಳು.

"ಛೀ ಅಜ್ಜಿ, ವಾಂತಿ ಮಾಡಿಕೊಂಡ್ಯಾ?"

"ಹೂಂ."

"ಬಾಯಿ ತೊಳಕೊಂಡೀ?"

"ತೊಳಕೊಂಡೆ."

"ಕೈ?"

"ನಾಲ್ಕು ಸಲ."

"ಹಂಗಾದ್ರ ಬಾ" ಅಂದು, ಪಕ್ಕಕ್ಕೆ ಸರಿದು ಜಾಗ ಕೊಟ್ಟಳು.